ಬುಟ್ಟಿ ತಿರುಗಿಸುವವಳು

ನಮ್ಮ ಕೇರಿ ಮುಗಿಯುವಲ್ಲಿ ಒಂದು ಮೋರಿ ಇದೆ. ಆಗ ಕಾವ್ಯಶ್ರೀಯ ಮಾತು ಆ ಮೋರಿಯವರೆಗೆ ಮಾತ್ರ. ಬೆಳಿಗ್ಗೆ ಅವಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಹೊರಟರೆ ಮನೆಯಂಗಳದ ಬಿದಿರ ದಣಪೆ ಸರಿಸಿದಲ್ಲಿಂದ ಮೋರಿಯ ತನಕ ಅವಳ ಬಾಯಿಗೆ ಬಿಡುವಿಲ್ಲ. ಕೆಂಪು ಹೇಂಟೆ ಎಲ್ಲಿ ಮೊಟ್ಟೆಯಿಟ್ಟಿತು, ಅಜ್ಜಿ ಹೇಗೆ ಗೊರಕೆ ಹೊಡೆದಳು, ಮಾವನ ಬೈಕು ಯಾಕೆ ಮುದುಕರ ಹಾಗೆ ಕೆಮ್ಮುತ್ತದೆ, ಎಲ್ಲ ಬೇಕು. ಮೋರಿ ದಾಟಿತೋ, ಮುಗಿಯಿತು. ಬಾಯಿ ಮಾತ್ರ ಅಲ್ಲ. ಕುತ್ತಿಗೆ, ಭುಜ, ಟ್ಯಾಂಕು ಹಿಡಿದ ಬೆರಳು ಎಲ್ಲ ಬಿಗಿದುಕೊಳ್ಳುತ್ತಿತ್ತು. ಸಂಜೆ ಅದೇ ಮೋರಿಯ ಈಚೆಗೆ ಬರುವವರೆಗೆ ಒಂದು ಶಬ್ದ ಇಲ್ಲ.

ಅವಳು ನನ್ನ ಅಕ್ಕ ರಕ್ಷಿತಾಳ ಮಗಳು. ಅಕ್ಕ ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಭಾವ ಲಾರಿ ಓಡಿಸುತ್ತ ಊರೂರು ಸುತ್ತುವವನು. ಹಾಗಾಗಿ ಕಾವ್ಯ ನನ್ನ ಮತ್ತು ನನ್ನ ಅವ್ವ ನಾಗಿಯ ಪಾಲು. ನಾನು ರಾಘು, ಸಿದ್ದಾಪುರದಲ್ಲಿ ಮರಗೆಲಸ ಮಾಡುತ್ತೇನೆ. ಕಿಟಕಿ, ಬಾಗಿಲು, ಈಗೀಗ ಪ್ಲೈವುಡ್ಡಿನ ಕಪಾಟು.

ಆ ವರ್ಷ ಕಾವ್ಯ ಒಂದನೇ ಕ್ಲಾಸಿಗೆ ಸೇರಿದಳು. ಮಳೆ ಹಿಡಿದ ಹೊಸತರಲ್ಲಿ ಒಂದು ದಿನ ಕ್ಲಾಸಿನಲ್ಲೇ ಲಂಗ ಒದ್ದೆ ಮಾಡಿಕೊಂಡಳು. ಒಂದಕ್ಕೆ ಹೋಗಬೇಕಾದರೆ ಎದ್ದು ನಿಂತು ಕೇಳಬೇಕು ಎಂಬುದು ಅಲ್ಲಿಯ ನಿಯಮ. ಕೇಳಲು ಅವಳಿಗೆ ಆಗಲಿಲ್ಲ. ಬೆಂಚಿನ ಕೆಳಗೆ ಹರಿದದ್ದನ್ನು ಮೊದಲು ನೋಡಿದ ಹುಡುಗ ಇಡೀ ಕ್ಲಾಸಿಗೆ ಸಾರಿದ. ಮರುದಿನದಿಂದ ಅವಳು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಳು. ಗಂಜಿಯ ತಿಳಿಯನ್ನೂ ಬಟ್ಟಲಲ್ಲೇ ಉಳಿಸಿ ಏಳುತ್ತಿದ್ದಳು. ಕಾರಣ ಅವ್ವನಿಗೆ ಗೊತ್ತಾದ ದಿನ ನಾನು ಉಳಿ, ಸುತ್ತಿಗೆ ಅಲ್ಲೇ ಬಿಟ್ಟು ಶಾಲೆಗೆ ಹೋದೆ.

ಹೋಗಿ ಕೂಗಾಡಿದೆ. ಆರು ವರ್ಷದ ಮಗು ಉಚ್ಚೆಗೂ ಅರ್ಜಿ ಹಾಕಬೇಕೇನು ಎಂದು ಕೇಳಿದೆ. ಹೆಡ್‌ಮಾಸ್ತರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. ದಸರೆ ರಜೆಯವರೆಗೆ ನೋಡೋಣ, ಆಮೇಲೂ ಅಷ್ಟು ಹೇಳಲು ಬಾರದಿದ್ದರೆ ಟಿ.ಸಿ. ಕೊಡುತ್ತೇವೆ, ಇಂಥ ಮಕ್ಕಳಿಗೆಂದೇ ಹುಬ್ಬಳ್ಳಿಯಲ್ಲಿ ಬೇರೆ ಶಾಲೆ ಇದೆಯಂತೆ ಎಂದರು. ಟಿ.ಸಿ. ನನಗೆ ಹೊಸದಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಕೈಗೂ ಒಂದನ್ನು ಇಟ್ಟು ಕಳಿಸಿದ್ದರು. ರಾಘು ಶಾಲೆ ಬಿಟ್ಟ ಎಂದು ಊರವರು ಹೇಳುತ್ತಾರೆ, ಬಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ನನ್ನದು ಹಾಗಾಯಿತು, ಹೋಗಲಿ. ಈ ಹುಡುಗಿಯದು ಒಂದನೇ ಕ್ಲಾಸಿಗೇ ಮುಗಿಯಬಾರದು. ಹೊರಗೆ ಬಂದರೆ ಅವಳು ಕಂಬಕ್ಕೆ ಆತು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಸಂಜೆ ಮೋರಿ ದಾಟಿದ ಮೇಲೂ ಮಾತಾಡಲಿಲ್ಲ.

ತನುಜಾ ಮೇಡಂ ಹೆಸರು ಹೇಳಿದ್ದು ನಮ್ಮೂರ ಆಶಾ ಕಾರ್ಯಕರ್ತೆ. ಮೇಡಂ ಮಂಚಿಕೇರಿಯವರು, ಎಲ್ಲೋ ದೂರದಲ್ಲಿ ಓದಿಕೊಂಡು ಬಂದು ಯಲ್ಲಾಪುರ, ಶಿರಸಿ, ಸಿದ್ದಾಪುರ ಅಂತ ಬಸ್ಸಿನಲ್ಲಿ ಓಡಾಡುತ್ತ ಮಕ್ಕಳಿಂದ ಚಿತ್ರ ಬರೆಸಿ, ಮಣ್ಣು ಕಲಸಿಸಿ ಚಿಕಿತ್ಸೆ ಮಾಡುವವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಇದು ಹಟವೂ ಅಲ್ಲ, ನಾಲಿಗೆಯ ತೊಂದರೆಯೂ ಅಲ್ಲ ಎಂದರು. ಕೆಲವು ಜಾಗದಲ್ಲಿ, ಕೆಲವರ ಎದುರು, ಹೆದರಿಕೆಗೆ ಕೆಲವು ಮಕ್ಕಳ ಗಂಟಲು ಕಟ್ಟುತ್ತದೆ. ಮಾತಾಡು ಮಾತಾಡು ಎಂದಷ್ಟೂ ಇನ್ನೂ ಕಟ್ಟುತ್ತದೆ. ಅವರ ಲೆಕ್ಕದಲ್ಲಿ ಇಂಥ ಮಕ್ಕಳು ಈ ಮೂರು ತಾಲ್ಲೂಕಿನಲ್ಲಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದರು. ಅವರಿಗೆ ಸಿದ್ದಾಪುರದ ಒಂದು ಸೊಸೈಟಿಯವರು ತಮ್ಮ ಹಳೆಯ ಬೀಜದ ಗೋದಾಮು ಬಿಟ್ಟುಕೊಟ್ಟಿದ್ದರು. ಅದನ್ನು ಮಕ್ಕಳ ಕೋಣೆ ಮಾಡಿಕೊಡುವವರು ಬೇಕಿತ್ತು. ನನಗೆ ಬಿಡಿ ಎಂದೆ. ಮಜೂರಿ ಬೇಡ, ಮೊದಲು ಕಾವ್ಯ ಬರಬೇಕು, ಅಷ್ಟೇ ಎಂದೆ. ಅವರು ಕೋಣೆ ಹೇಗಿರಬೇಕು ಎಂದು ಹೇಳಲು ಬಂದರೆ, ನಾನು ನೋಡಿಕೊಳ್ಳುತ್ತೇನೆ ಮೇಡಂ ಎಂದು ಬಾಯಿ ಮುಚ್ಚಿಸಿದೆ.

ಆಗಸ್ಟ್ ತಿಂಗಳು ಪೂರ್ತಿ ನನ್ನ ರಟ್ಟೆಯೆಲ್ಲ ಅಲ್ಲೇ ಹೋಯಿತು. ಪೇಟೆಯ ಮಕ್ಕಳಿಗೆ ಏನೇನು ಸಿಗುತ್ತದೋ ಎಲ್ಲ ನಮ್ಮ ಹುಡುಗಿಗೂ ಸಿಗಬೇಕು. ಹಳದಿ ಸನ್ಮೈಕಾದ ದುಂಡು ಮೇಜು, ಸುತ್ತ ಪುಟ್ಟ ಕುರ್ಚಿ. ನೆಲಕ್ಕೆ ಬಣ್ಣಬಣ್ಣದ ವಿನೈಲ್ ಹಾಸು. ಮಕ್ಕಳು ಏನು ಮಾಡುತ್ತಾರೆ ಎಂದು ಅಪ್ಪ ಅಮ್ಮಂದಿರು ಹೊರಗಿನಿಂದ ನೋಡಲಿ ಎಂದು ಉದ್ದಕ್ಕೆ ಗಾಜಿನ ಕಿಟಕಿ. ಗೋಡೆಯ ಚಿತ್ರಕ್ಕೆ ಕಿರವತ್ತಿಯ ತಿಮ್ಮನನ್ನು ಕರೆಸಿದೆ. ಅವನು ಹೆದ್ದಾರಿಯ ಢಾಬಾಗಳ ಬೋರ್ಡು ಬರೆಯುವವನು. ಅವನು ಬರೆದ ಕೋಳಿ ನೋಡಿದರೆ ಈಗಲೇ ತಟ್ಟೆಗೆ ಬರಲು ತಯಾರಾಗಿ ನಿಂತ ಹಾಗಿತ್ತು. ಕೊನೆಗೆ ಒಂದು ಮೂಲೆಯಲ್ಲಿ ಮಕ್ಕಳು ಹತ್ತುವ ಹಾಗೆ ಸಣ್ಣ ಮೆಟ್ಟಿಲು, ಅದರ ಮೇಲೆ ಆಟದ ಮೈಕು. ಮಾತು ಬರಬೇಕಾದ ಮಕ್ಕಳಲ್ಲವೇ.

ಮೇಡಂ ಬಂದು ನೋಡಿದರು. ಚಾ ಕುಡಿದು ಮುಗಿಸಿದರು. ಆಮೇಲೆ ಆ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕೂತು, ಎದುರಿನ ಕುರ್ಚಿಯಲ್ಲಿ ನನ್ನನ್ನೂ ಕೂರಿಸಿ, ನನ್ನ ಮುಖವನ್ನೇ ನೋಡತೊಡಗಿದರು. ನಾನು ಆಚೆ ತಿರುಗಿದರೆ ಗಾಜಿನಾಚೆ ಸೊಸೈಟಿಯ ಹಮಾಲಿಯೊಬ್ಬ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ.

"ಈಗ ಏನಾದ್ರೂ ಮಾತಾಡಿ ರಾಘು," ಎಂದರು.

ನನಗೆ ಮಾತು ಬರಲಿಲ್ಲ, ಸಿಟ್ಟು ಬಂತು. ಮೇಜು, ಗಾಜು, ಮೈಕು ಯಾವುದೂ ಬೇಡ ಎಂದು ಅವರು ಮೆತ್ತಗೆ ಹೇಳಿದ್ದು ಇನ್ನೂ ಸಿಟ್ಟು ಬರಿಸಿತು. ಹಾಗಾದರೆ ಏನು ಬೇಕು ಎಂದು ಕೇಳಿದೆ. ಕಾವ್ಯ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾತಾಡುವುದು ಯಾವಾಗ ಎಂದು ತಿರುಗಿ ಕೇಳಿದರು. ಈಗೀಗ ಅಜ್ಜಿ ಜೊತೆ ಹಬ್ಬದ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವಾಗ ಎಂದೆ. ಅವರ ಮುಖ ಅರಳಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಪೇಟೆಯವರ ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು, ನಮ್ಮವಕ್ಕೆ ಕೆಮ್ಮಣ್ಣೇ ಗತಿಯೇನು ಎಂದು ಕೂಗಿ, ಟೇಪು ಜೇಬಿಗೆ ತುರುಕಿ ಬಂದುಬಿಟ್ಟೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಚೌತಿ ಕಳೆದಿತ್ತು. ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯನ್ನು ತಿಂಗಳ ಮೊದಲೇ ತಯಾರು ಮಾಡುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಸಣ್ಣ ಸಣ್ಣ ಗೆರೆಯ ಚಿತ್ತಾರ. ಕುಂಚ ಪುಂಡಿ ನಾರಿನದು. ನಮ್ಮ ಮನೆಯಲ್ಲಿ ಇದಕ್ಕೆ ಇಬ್ಬರು ಬೇಕು. ಒಬ್ಬರು ಬರೆಯುತ್ತಾರೆ, ಒಬ್ಬರು ಬುಟ್ಟಿ ತಿರುಗಿಸುತ್ತಾರೆ. ಬರೆಯುವವರಿಗೆ ಕಾಣುವುದು ಕುಂಚದ ತುದಿ ಮಾತ್ರ. ಇಡೀ ಬುಟ್ಟಿ ಕಾಣುವುದು ತಿರುಗಿಸುವವರಿಗೆ. ಅದಕ್ಕೆ ಮುಂದೆ ಯಾವ ಗೆರೆ ಎಂದು ಹೇಳುವ ಕೆಲಸ ತಿರುಗಿಸುವವರದ್ದು. ಜೋಗಿಜಡೆ, ಭತ್ತದ ಸಸಿ, ಇರುವೆ ಸಾಲು ಎಂದು ಒಂದೊಂದು ಗೆರೆಗೂ ಒಂದೊಂದು ಹೆಸರು. ಅವ್ವ ಹುಡುಗಿಯಾಗಿದ್ದಾಗ ಅವಳ ಅಜ್ಜಿಗೆ ಹೇಳುತ್ತಿದ್ದಳಂತೆ, ಈಗ ಕಾವ್ಯ ಅವ್ವನಿಗೆ ಹೇಳುತ್ತಾಳೆ.

ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಜಗಲಿಯಲ್ಲಿ ತನುಜಾ ಮೇಡಂ ಕೂತಿದ್ದರು. ಒಳಬಾಗಿಲಿಗೆ ಬೆನ್ನು ಹಾಕಿ, ಅವ್ವ ಕೊಟ್ಟ ಹರಿವೆ ದಂಟು ಬಿಡಿಸುತ್ತಿದ್ದರು. ನನ್ನನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟರು. ಒಳಗಿನಿಂದ ಕಾವ್ಯಳ ದನಿ ಬರುತ್ತಿತ್ತು, ಮನೆಯಲ್ಲಿ ಇರುವಷ್ಟೇ ಜೋರಾಗಿ ಅಲ್ಲ, ಆದರೂ ಬರುತ್ತಿತ್ತು. "ಅಜ್ಜಿ, ಇದು ಜೋಗಿಜಡೆ. ಸೊಟ್ಟ ಮಾಡ್ದೆ ನೋಡು. ಕನ್ನಡ್ಕ ಎಲ್ಲಿ ನಿಂದು?"

ಹೊರಗಿನವರು ಒಬ್ಬರು ಗೋಡೆಯಾಚೆ ಇದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾತಾಡುತ್ತಿದ್ದಳು. ನಾನು ಬೈಕಿನ ಕೀಲಿ ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದು ಜಗಲಿಯ ಅಂಚಿನಲ್ಲಿ ಕೂತೆ.

ಆಮೇಲೆ ದಣಪೆಯ ಹತ್ತಿರ ನಿಂತು ಮೇಡಂ ಹೇಳಿದರು, "ಮಣ್ಣು ಅಂತ ಅಲ್ಲ ರಾಘು. ಆ ಬುಟ್ಟಿ ನಡುವೆ ಇದ್ದರೆ ಇಬ್ಬರೂ ಬುಟ್ಟಿ ನೋಡ್ತಾರೆ, ಒಬ್ಬರ ಮುಖ ಒಬ್ಬರು ನೋಡಲ್ಲ. ಅಲ್ಲಿ ಅವಳು ಯಾರಿಗೂ ಉತ್ತರ ಕೊಡ್ತಾ ಇಲ್ಲ, ಕೆಲಸ ಹೇಳ್ತಾ ಇದ್ದಾಳೆ. ನನಗೆ ಅಂಥ ಕೋಣೆ ಬೇಕು. ನನ್ನ ಹತ್ರ ಬರೋ ಯಲ್ಲಾಪುರದ ಹುಡುಗನಿಗೆ ಬುಟ್ಟಿ ಆಗದೆ ಇರಬಹುದು, ಅವನಿಗೆ ಇನ್ನೇನೋ ಹುಡುಕ್ತೀನಿ. ಆದ್ರೆ ಕೋಣೆ ಮಾತ್ರ ಯಾರನ್ನೂ ನೋಡಬಾರದು."

ಕೋಣೆ ಯಾರನ್ನೂ ನೋಡಬಾರದು. ಅದು ನನಗೆ ತಲೆಗೆ ಹೋಯಿತು. ನನ್ನನ್ನೂ ಒಂದು ಶಾಲೆ ಹಾಗೆ ನೋಡುತ್ತಿತ್ತು.

ಮರುದಿನದಿಂದ ನಾನು ಕಟ್ಟಿದ್ದನ್ನು ನಾನೇ ಕಿತ್ತೆ. ಗಾಜು ತೆಗೆದು ಅಲ್ಲಿ ಮೇಲೆ ಬೆಳಕು ಬರುವಷ್ಟು ಬಿಟ್ಟು ಹಲಗೆ ಹೊಡೆದೆ. ಕೋಣೆಯ ನಡುವೆ ಒಂದು ಮೋಟುಗೋಡೆ ಎಬ್ಬಿಸಿದೆವು. ಕೂತ ಮಗುವಿನ ತಲೆ ಮರೆಯಾಗಬೇಕು, ಮಗು ಬೇಕೆಂದು ಎದ್ದು ನಿಂತರೆ ಆಚೆ ಯಾರಿದ್ದಾರೆ ಎಂದು ಅದಕ್ಕೆ ಕಾಣಬೇಕು. ದೊಡ್ಡವರು ಆಚೆ ಗೋಡೆಗೆ ಬೆನ್ನು ಹಾಕಿ ಕೂರಬೇಕು. ಬಾಗಿಲು ಎರಡು, ಯಾವಾಗ ಬೇಕಾದರೂ ಹೊರಗೆ ಹೋಗಬಹುದು ಎಂದು ಮಗುವಿಗೆ ಗೊತ್ತಿರಲಿ ಎಂದು. ಶೌಚಕ್ಕೆ ಕೋಣೆಯ ಒಳಗಿಂದಲೇ ದಾರಿ, ಯಾರನ್ನೂ ಕೇಳಬೇಕಾಗಿಲ್ಲ. ಇದೆಲ್ಲ ಮೇಡಂ ಹೇಳಿದ್ದು. ನಾನು ಸೇರಿಸಿದ್ದು ಒಂದೇ: ಹಳೆಯ ಸೈಕಲ್ ಚಕ್ರದ ನಡುವಿನ ಹಬ್ಬು ಹಾಕಿ ಒಂದು ತಿರುಗುವ ಮಣೆ ಮಾಡಿದೆ. ಬುಟ್ಟಿ ಇಟ್ಟರೆ ಒಂದು ಬೆರಳಿಗೆ ತಿರುಗುತ್ತದೆ, ಕಿವಿಗೊಟ್ಟರೆ ಮಾತ್ರ ಹಬ್ಬಿನ ಸಣ್ಣ ಸದ್ದು ಕೇಳುತ್ತದೆ. ತಿಮ್ಮನ ಕೋಳಿಗಳ ಮೇಲೆ ಕೆಮ್ಮಣ್ಣು ಬಳಿಯುವಾಗ ಮಾತ್ರ ಸ್ವಲ್ಪ ಸಂಕಟವಾಯಿತು.

ಕೊನೆಗೆ ತಕರಾರು ತೆಗೆದವಳು ಅವ್ವ. ಭೂಮ್ತಾಯಿ ಬುಟ್ಟಿಯನ್ನು ಮನೆ ಬಿಟ್ಟು ಕಂಡವರ ಕೋಣೆಯಲ್ಲಿ ಬರೆಯುವ ಪದ್ಧತಿ ಇಲ್ಲ ಎಂದು ಕೂತುಬಿಟ್ಟಳು. ಮೇಡಂ ಒತ್ತಾಯ ಮಾಡಲಿಲ್ಲ. ಬೇರೆ ಹಳೆ ಬುಟ್ಟಿಯಾದರೂ ಸಾಕು ಎಂದರು. ಅವ್ವ ಅದಕ್ಕೂ ಒಪ್ಪಲಿಲ್ಲ. ಸುಳ್ಳು ಬುಟ್ಟಿ ಬರೆಯುವುದು ಹುಡುಗಿಗೆ ಗೊತ್ತಾಗುತ್ತದೆ, ಅವಳೇನು ದಡ್ಡಿಯೇ ಎಂದಳು. ಒಂದು ದಿನ ತಾನೇ ಬಂದು ಕೋಣೆ ನೋಡಿದಳು. ಗೋಡೆ ಮುಟ್ಟಿದಳು, ಮಣೆ ತಿರುಗಿಸಿದಳು, ನನ್ನ ಬಣ್ಣದ ವಿನೈಲ್ ಹಾಸಿನ ಮೇಲೆ ನಿಂತು ಕಾಲಿನ ಹೆಬ್ಬೆರಳಲ್ಲಿ ಅದನ್ನು ಒತ್ತಿ ನೋಡಿದಳು.

"ಇದನ್ನ ತೆಗಿ ತಮಾ. ಸಗಣಿ ತಗಬಾ. ಸಾರ್ಸಿದ್ರೆ ಇದೂ ನಮ್ಮನೆನೇ ಆತು."

ಅಷ್ಟು ಚಂದದ ಹಾಸು ಸುತ್ತಿ ಮೂಲೆಗೆ ಹೋಯಿತು. ಗೋದಾಮಿನ ನೆಲವನ್ನು ಅವ್ವ ಮಂಡಿಯೂರಿ ಸಾರಿಸಿದಳು, ಒಂದು ದೀಪ ಹಚ್ಚಿದಳು, ನಮ್ಮ ಮನೆಯ ಒಂದು ತುಂಡು ಸಿದ್ದಾಪುರದ ಪೇಟೆಯಲ್ಲಿ ಬಂದು ಕೂತ ಹಾಗಾಯಿತು. ಮೇಡಂ ಪಕ್ಕದಲ್ಲಿ ಕೂತು ಕೈಯೆಲ್ಲ ಸಗಣಿ ಮಾಡಿಕೊಂಡರು. ಹಾಸನ್ನು ಒಯ್ದು ಆಚೆ ದೊಡ್ಡವರು ಕೂರುವ ಕಡೆ ಹಾಕಿದೆ. ಒಟ್ಟಿನಲ್ಲಿ ಎಲ್ಲಾದರೂ ಇರಲಿ.

ಮೊದಲ ದಿನ ಕಾವ್ಯ ಮಣೆಯ ಮುಂದೆ ಕೂತಳು, ಬುಟ್ಟಿ ತಿರುಗಿಸಿದಳು, ಬೆರಳಿನಲ್ಲಿ ತೋರಿಸಿದಳು, ಅಷ್ಟೇ. ಮೋಟುಗೋಡೆಯ ಈಚೆ ಮೇಡಂ ಮತ್ತು ನಾನು. ಮೇಡಂ ನನಗೆ ಒಂದೇ ಕಟ್ಟಪ್ಪಣೆ ಮಾಡಿದ್ದರು: ಮಗು ಮಾತಾಡಿದರೆ ಹೊಗಳಬಾರದು, ತಿರುಗಬಾರದು, ಉಸಿರು ಬಿಗಿಹಿಡಿದು ಕಾಯುತ್ತಿದ್ದೇವೆ ಎಂದು ತೋರಿಸಲೂಬಾರದು. ಅದಕ್ಕೆ ನನ್ನ ಕೈಗೆ ಗರಗಸದ ಹಲ್ಲು ಮಸೆಯುವ ಕೆಲಸ ಕೊಟ್ಟುಕೊಂಡಿದ್ದೆ. ಎರಡನೇ ವಾರದಲ್ಲಿ ಒಂದು ಸಂಜೆ ಗೋಡೆಯಾಚೆಯಿಂದ ಪಿಸುದನಿ ಬಂತು. "ಭತ್ತದ ಸಸಿ," ಎಂದಿತು ಅದು.

ನಾನು ಕದಲಲಿಲ್ಲ. ಕದಲಿದವಳು ಅವ್ವ. ಕುಂಚ ಬಿಸಾಡಿ, ಸೊಂಟದ ಚೀಲದಿಂದ ಉಪ್ಪು ಮೆಣಸು ತೆಗೆದು, ಹುಡುಗಿಯನ್ನು ನಿಲ್ಲಿಸಿ, ಊರವರ ಕಣ್ಣು, ಕೇರಿಯವರ ಕಣ್ಣು ಎಂದು ದೃಷ್ಟಿ ತೆಗೆಯತೊಡಗಿದಳು. ಅದಕ್ಕೆಂದೇ ಮನೆಯಿಂದ ಕಟ್ಟಿಕೊಂಡು ಬಂದಿದ್ದಳು. ಸದ್ದಿಗೆ ತಿರುಗಿದರೆ ಕಾವ್ಯಳ ಭುಜ ಮೋರಿ ದಾಟಿದಾಗ ಬಿಗಿಯುವ ಹಾಗೆ ಬಿಗಿದಿತ್ತು. ಆ ವಾರ ಮತ್ತೆ ದನಿಯಿಲ್ಲ. ಮೇಡಂ ಅವ್ವನಿಗೆ ಬೈಯಲಿಲ್ಲ. "ಅಜ್ಜಿ, ಈಗ ಎಲ್ಲರ ಕಣ್ಣೂ ಅವಳ ಮೇಲೇ ಬಿತ್ತಲ್ಲ," ಎಂದಷ್ಟೇ ಹೇಳಿದರು. ಅವ್ವ ಅಂದು ರಾತ್ರಿ ಊಟ ಮಾಡಲಿಲ್ಲ. ನನಗೂ ಒಳಗೊಳಗೆ ಭಯವಾಗತೊಡಗಿತ್ತು. ದಸರೆ ರಜೆ ಬಂದಿತ್ತು, ರಜೆ ಮುಗಿದರೆ ಹೆಡ್‌ಮಾಸ್ತರು ಹೇಳಿದ ಗಡುವೂ ಮುಗಿಯುತ್ತಿತ್ತು.

ದನಿ ತಿರುಗಿ ಬಂದದ್ದು ಅವ್ವ ತಪ್ಪು ಗೆರೆ ಎಳೆದಾಗ. ಬೇಕೆಂದು ಎಳೆದಳೋ ಕಣ್ಣು ಕಾಣದೆ ಎಳೆದಳೋ, ಇವತ್ತಿಗೂ ಹೇಳುವುದಿಲ್ಲ. ಕಾವ್ಯ ಬೈದಳು. ಅವ್ವ ಹೂಂ ಎಂದು ಮುಂದುವರಿಸಿದಳು. ಮೇಡಂ ತಾವು ಕೂರುವ ಮಣೆಯನ್ನು ದಿನಕ್ಕಿಷ್ಟು ಸರಿಸುತ್ತ ಮೋಟುಗೋಡೆಯ ತುದಿಗೆ ಬಂದರು, ಅಲ್ಲಿಂದ ಆಚೆಗೆ ಹೋದರು, ಒಂದು ದಿನ ಹಿಟ್ಟಿನ ಬಟ್ಟಲು ಹಿಡಿಯುವವರಾದರು. ಹುಡುಗಿ ಅವರಿಗೂ ಕೆಲಸ ಹೇಳತೊಡಗಿದಳು. ನಾನು ಗರಗಸದ ಹಲ್ಲನ್ನು ಎಷ್ಟು ಮಸೆದಿದ್ದೆನೆಂದರೆ ಅದು ಇನ್ನು ಬೆಣ್ಣೆ ಕೊಯ್ಯಲು ಮಾತ್ರ ಯೋಗ್ಯವಾಗಿತ್ತು.

ಇಷ್ಟಾದರೂ ಶಾಲೆ ಶಾಲೆಯೇ. ಅವಳು ಕೇಳಬೇಕಾದದ್ದು ಅಲ್ಲಿ, ಕೇಳಬೇಕಾದದ್ದು ಪಾಠ ಹೇಳುವ ಅಕ್ಕೋರ ಹತ್ತಿರ. ಮೇಡಂ ಅವಳ ಕ್ಲಾಸಿನ ಗಂಗಾಂಬಿಕಾ ಅಕ್ಕೋರನ್ನು ಕರೆಸುತ್ತೇನೆ ಎಂದಾಗ ನಾನು ಆಗದು ಎಂದೆ. ಲಂಗ ಒದ್ದೆಯಾದ ದಿನ ಅದೇ ಕ್ಲಾಸಿನಲ್ಲಿ ಇದ್ದವರು ಅವರು. ಅವರು ಬಂದರೆ ನಾನು ಇರುವುದಿಲ್ಲ ಎಂದೆ. ಇರದಿದ್ದರೂ ನಡೆಯುತ್ತದೆ ಎಂದರು ಮೇಡಂ. ಆದ್ದರಿಂದ ಇದ್ದೆ.

ಅಕ್ಕೋರು ಬನವಾಸಿ ಕಡೆಯವರು, ರಜೆಯಲ್ಲಿ ತವರಿಗೆ ಹೋದವರು ಅಲ್ಲಿಂದಲೇ ಬಸ್ಸು ಹಿಡಿದು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನ್ನ ವಿನೈಲ್ ಹಾಸಿನ ಮೇಲೆ ನನ್ನ ಪಕ್ಕದಲ್ಲೇ ಗೋಡೆಗೆ ಬೆನ್ನು ಹಾಕಿ ಕೂತರು. ಬೈಯಲು ಮಾತೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ, ಆದರೆ ಗೋಡೆಯಾಚೆ ಹುಡುಗಿ ಇದ್ದಳು. ಅಕ್ಕೋರೇ ತಗ್ಗಿದ ದನಿಯಲ್ಲಿ ಶುರುಮಾಡಿದರು.

"ಅವತ್ತು ನಾ ಬೋರ್ಡಿಗೆ ಬರಕೋಂತ ನಿಂತಿದ್ದೆ ರೀ, ತಿರುಗಿ ನೋಡೋದ್ರಾಗ ಆಗಿತ್ತು. ಅದಾದಮ್ಯಾಲೆ ಒಂದಕ್ಕ ಹೋಗೋರು ಕೇಳೋದು ಬ್ಯಾಡ, ಸುಮ್ನ ಹೋಗ್ರಿ ಅಂದೀನಿ. ಅಂದ್ರೂ ಆಕಿ ಏಳಂಗಿಲ್ಲ. ನಾ ಏನ್ ಮಾಡ್ಲಿ, ನೀವ ಹೇಳ್ರಿ."

ನಾನು ಗರಗಸ ಅವರ ಕಡೆ ಸರಿಸಿ, ಹಲ್ಲು ಮಸೆಯುವ ಅರ ಒಂದನ್ನು ಅವರ ಕೈಗೆ ಕೊಟ್ಟೆ. ಅವರೂ ಮಸೆಯತೊಡಗಿದರು. ಆ ದಿನ ಗೋಡೆಯಾಚೆ ದನಿ ಬರಲಿಲ್ಲ. ಕಾವ್ಯ ಒಮ್ಮೆ ಎದ್ದು ನಿಂತು ಈಚೆ ನೋಡಿದಳು. ಇಬ್ಬರ ಬೆನ್ನು ಕಂಡಿತು. ಕೂತಳು. ಮರುದಿನವೂ ಅಕ್ಕೋರು ಬಂದರು, ಅದರ ಮರುದಿನವೂ. ಪಿಸುದನಿ ಮೊದಲು ಬಂತು, ಆಮೇಲೆ ಸಣ್ಣ ದನಿ.

ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಬುಟ್ಟಿ ಮುಗಿಯಬೇಕಿತ್ತು. ಬಾಯಿಯ ಹತ್ತಿರ ಒಂದು ಸುತ್ತು ಮಾತ್ರ ಬಾಕಿ. ಅವ್ವ ಸೊಂಟ ನೋವು ಎಂದು ಎದ್ದು ಮೋಟುಗೋಡೆಯ ತುದಿಗೆ ಒರಗಿದಳು, ಅಕ್ಕೋರನ್ನು ಆಚೆ ಕರೆದು ಕುಂಚವನ್ನು ಅವರ ಕೈಗೆ ಕೊಟ್ಟಳು. ಬುಟ್ಟಿ ಸುಳ್ಳಿನದಲ್ಲ, ಮರುದಿನ ಬೆಳಗಿಗೆ ಗದ್ದೆಗೆ ಹೋಗುವುದು. ಅಕ್ಕೋರಿಗೆ ಚಿತ್ತಾರದ ಗಂಧವಿಲ್ಲ. ಅವರು ಕಣ್ಣನ್ನು ಬುಟ್ಟಿಯ ಮೇಲೇ ಇಟ್ಟು ಕೂತರು. ಮಣೆ ತಿರುಗಿತು, ನಿಂತಿತು. ಅಕ್ಕೋರು ಅಳುಕುತ್ತ ಒಂದು ಗೆರೆ ಎಳೆದರು. ಗೋಡೆಯ ಈಚೆ ಕೂತ ನನಗೆ ಇದೊಂದೂ ಆಗ ಕಾಣುತ್ತಿರಲಿಲ್ಲ, ಹಬ್ಬಿನ ಸದ್ದು ನಿಂತದ್ದು ಮಾತ್ರ ಗೊತ್ತಾಯಿತು.

"ಅದಲ್ಲ," ಎಂದಳು ಕಾವ್ಯ. "ಈಗ ಇರುವೆ ಸಾಲು. ಚುಕ್ಕಿ ಹತ್ರ ಹತ್ರ ಇಡಿ."

"ಹೂಂ," ಎಂದರು ಅಕ್ಕೋರು. ಚುಕ್ಕಿ ಇಟ್ಟರು. ಮಣೆ ತಿರುಗಿತು.

ನಾನು ಎದ್ದು ನಿಂತು ಕೂಗಬೇಕಿತ್ತು. ಜೀವಮಾನದಲ್ಲಿ ಯಾವುದಕ್ಕೂ ಬಾಯಿ ಕಟ್ಟಿದವನಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು ತೆಗೆದು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಹಿಟ್ಟಿನ ಬಟ್ಟಲು ಅಕ್ಕೋರಿಗೆ ಬಿಟ್ಟು ನನ್ನ ಪಕ್ಕಕ್ಕೆ ಬಂದಿದ್ದ ಮೇಡಂ ತಮ್ಮ ಬೆರಳಿಗೆ ಅಂಟಿದ ಹಿಟ್ಟನ್ನು ಕೀಳುತ್ತಿದ್ದರು, ಕಿತ್ತು ಮುಗಿದರೂ ಕೀಳುತ್ತಿದ್ದರು. ಅವ್ವ ಸೊಂಟದ ಚೀಲದ ಮೇಲೆ ಕೈ ಇಟ್ಟಿದ್ದಳು, ಬಿಚ್ಚಲಿಲ್ಲ.

ಸ್ವಲ್ಪ ಹೊತ್ತಿಗೆ ಮಣೆ ಮತ್ತೆ ನಿಂತಿತು.

"ನಾ ಒಂದಕ್ಕೆ ಹೋಗಿ ಬತ್ತೀನಿ," ಎಂದಳು ಕಾವ್ಯ, ಬುಟ್ಟಿಗೆ ಹೇಳುವ ಹಾಗೆ. "ನೀವು ತಿರುಗಿಸ್ಬ್ಯಾಡಿ ಅಕ್ಕೋರೆ, ಲೆಕ್ಕ ತಪ್ತದೆ."

"ಆತು," ಎಂದರು ಅಕ್ಕೋರು, ತಲೆಯೆತ್ತದೆ.

ಪುಟ್ಟ ಹೆಜ್ಜೆ ಒಳಬಾಗಿಲಿಗೆ ಹೋಯಿತು. ಆ ಕೋಣೆಯಲ್ಲಿ ಅದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಹೇಳದೆ ಹೋಗಲಿ ಎಂದೇ ನಾವು ದಾರಿ ಮಾಡಿದ್ದು. ಗೋಡೆಯಾಚೆ ಅಕ್ಕೋರು ಕುಂಚವನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು, ಬುಟ್ಟಿಯನ್ನು ಕಿರುಬೆರಳಿನಿಂದಲೂ ಮುಟ್ಟಲಿಲ್ಲ ಎಂದು ಆಮೇಲೆ ಅವ್ವ ಹೇಳಿದಳು. ನೀರು ಸುರಿದ ಸದ್ದು, ಬಾಗಿಲ ಸದ್ದು. ಹುಡುಗಿ ಬಂದು ಕೂತಳು. ಮಣೆ ತಿರುಗಿತು.

ರಜೆ ಮುಗಿದ ಮೇಲೆ ಟಿ.ಸಿ.ಯ ಮಾತು ಬರಲಿಲ್ಲ. ಹೆಡ್‌ಮಾಸ್ತರಿಗೆ ಅಕ್ಕೋರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಅಂಥದೇ ಇನ್ನೊಂದು ತಿರುಗುವ ಮಣೆ ಬೇಕು, ಕ್ಲಾಸಿನ ಹಿಂದಿನ ಮೂಲೆಗೆ ಎಂದು ಮಾತ್ರ ಹೇಳಿ ಕಳಿಸಿದರು. ಮಾಡಿಕೊಟ್ಟೆ. ಕಾವ್ಯ ಈಗಲೂ ಕ್ಲಾಸಿನಲ್ಲಿ ಪದ್ಯ ಹೇಳುವುದಿಲ್ಲ, ಹಾಜರಿಗೆ ಕೈ ಎತ್ತುತ್ತಾಳೆ. ಒಂದಕ್ಕೆ ಹೋಗುವಾಗ ಅಕ್ಕೋರ ಮೇಜಿನ ಪಕ್ಕ ಹಾದು, ಮೇಜಿಗೆ ಹೇಳಿ ಹೋಗುತ್ತಾಳಂತೆ. ಬೆಳಿಗ್ಗೆ ಗಂಜಿಯ ತಿಳಿಯನ್ನು ಬಟ್ಟಲೆತ್ತಿ ಕುಡಿಯುತ್ತಾಳೆ.

ಮೊನ್ನೆ ಸಂಜೆ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ಹಾಲಿನ ಡೈರಿಯ ಹತ್ತಿರ ಕ್ಯಾನು ಇಳಿಸುವವರು ರಸ್ತೆಗೆ ಅಡ್ಡ ಗಾಡಿ ನಿಲ್ಲಿಸಿದ್ದರು. ನಾನು ಹಾರನ್ನು ಒತ್ತಿ ಹಿಡಿದು, ಅವರ ಅಪ್ಪನ ಕಾಲದಿಂದ ಶುರುಮಾಡಿ ಬೈಯತೊಡಗಿದೆ. ಟ್ಯಾಂಕಿನ ಮೇಲಿನಿಂದ ದನಿ ಬಂತು.

"ಸುಮ್ನಿರು ಮಾವ. ಅವ್ರು ತೆಗಿತಾರೆ."

ಸುಮ್ಮನಾದೆ. ಹೂಂ ಎಂದೆ. ಗಾಡಿ ಸರಿಯಿತು. ಮೋರಿ ಇನ್ನೂ ಮುಂದೆ, ತಿರುವಿನಾಚೆ ಇತ್ತು.